ನರ್ಸರಿಯ ಸಂಪರ್ಕ ಫಾರ್ಮ್‌ಗೆ ಸ್ಪ್ಯಾಮ್ ತಡೆ ಹಾಕಿದ್ದು ಹೀಗೆ

ಕೊಪ್ಪದ ಕಡೆಯ ಒಂದು ನರ್ಸರಿಯ ವೆಬ್‌ಸೈಟನ್ನು ನಾನು ನೋಡಿಕೊಳ್ಳುತ್ತೇನೆ. ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ, ಕಾಫಿ ಗಿಡ ಮಾರುತ್ತಾರೆ. ಸೈಟಿನಲ್ಲಿ ಇರುವುದು ಕೆಲವೇ ಪುಟ, ಒಂದಿಷ್ಟು ಫೋಟೊ, ಕೊನೆಗೆ ಹೆಸರು, ಫೋನ್, ಈಮೇಲ್, ಸಂದೇಶ ಕೇಳುವ ಒಂದು ಫಾರ್ಮ್. ಶೇರ್ಡ್ ಹೋಸ್ಟಿಂಗ್ ಮೇಲೆ ಓಡುವ ಸಣ್ಣ ಪಿಎಚ್‌ಪಿ ಸ್ಕ್ರಿಪ್ಟ್ ಆ ಫಾರ್ಮನ್ನು ನರ್ಸರಿಯ ಮೇಲ್‌ಗೆ ಮುಟ್ಟಿಸುತ್ತದೆ. ವರ್ಡ್‌ಪ್ರೆಸ್ ಇಲ್ಲ, ಹಾಗಾಗಿ ಪ್ಲಗಿನ್ ಹಾಕಿ ಕೈತೊಳೆದುಕೊಳ್ಳುವ ದಾರಿಯೂ ಇಲ್ಲ.

ಸಸಿ ಬುಕ್ ಮಾಡುವ ಕಾಲ ಹತ್ತಿರವಾದಾಗ ನರ್ಸರಿಯ ಅಣ್ಣ ಫೋನ್ ಮಾಡಿದರು. "ಎಂತ ಮಾರಾಯ ಇದು, ಬೆಳಿಗ್ಗೆ ಮೇಲ್ ತೆಗೆದ್ರೆ ಬರೀ ರಷ್ಯನ್ ಭಾಷೆ, ಸಾಲ ಕೊಡ್ತೀವಿ ಅನ್ನೋರು, ನಿಮ್ಮ ವೆಬ್‌ಸೈಟ್ ಮೇಲೆ ತರ್ತೀವಿ ಅನ್ನೋರು. ಇದರ ಮಧ್ಯೆ ಗಿಡ ಕೇಳಿದವರ ಮೇಲ್ ಎಲ್ಲಿ ಅಂತ ಹುಡುಕೋದು?"

ಕೋಡ್ ಮುಟ್ಟುವ ಮೊದಲೇ ಅವರ ಜೊತೆ ಒಂದು ವಿಷಯ ಮಾತಾಡಿಕೊಂಡೆ. ಒಂದು ಸ್ಪ್ಯಾಮ್ ಒಳಗೆ ನುಸುಳಿದರೆ ಅಳಿಸುವ ಕೆಲಸವಷ್ಟೇ. ಒಬ್ಬ ನಿಜವಾದ ಗಿರಾಕಿಯ ಸಂದೇಶ ಕಳೆದುಹೋದರೆ ಐನೂರು ಸಸಿಯ ಆರ್ಡರ್ ಹೋಗುತ್ತದೆ, ಹೋಗಿದ್ದು ಯಾರಿಗೂ ಗೊತ್ತೇ ಆಗುವುದಿಲ್ಲ. "ನಮ್ಮವರಿಗೆ ತೊಂದ್ರೆ ಆಗೋ ಹಾಗಿದ್ರೆ ಸ್ಪ್ಯಾಮ್ ಬಂದ್ರೂ ಅಡ್ಡಿಲ್ಲ" ಎಂದು ಅವರೇ ಅಂದರು. ಮುಂದೆ ಹಾಕಿದ ಪ್ರತಿ ತಡೆಯನ್ನೂ ಈ ಮಾತಿನ ಮೇಲೇ ಅಳೆದೆ.

ಮೊದಲು ಲಾಗ್

ಹೋಸ್ಟಿಂಗ್‌ನ ನಿಯಂತ್ರಣ ಪುಟವಾದ ಸಿಪ್ಯಾನೆಲ್‌ನಿಂದ ಆಕ್ಸೆಸ್ ಲಾಗ್ (ಸೈಟಿಗೆ ಯಾರು ಯಾವಾಗ ಬಂದರು ಎಂಬ ದಾಖಲೆ) ಇಳಿಸಿಕೊಂಡು ಫಾರ್ಮಿಗೆ ಬಂದ ಪೋಸ್ಟ್ ರಿಕ್ವೆಸ್ಟ್‌ಗಳನ್ನು, ಅಂದರೆ ತುಂಬಿ ಕಳಿಸಿದವನ್ನು, ಮಾತ್ರ ಬೇರ್ಪಡಿಸಿದೆ. ಮನುಷ್ಯರು ಬಂದಾಗ ಲಾಗ್ ಹೇಗೆ ಕಾಣುತ್ತದೆ ಎಂಬುದು ಒಮ್ಮೆ ಕಣ್ಣಿಗೆ ಹತ್ತಿದರೆ ಉಳಿದದ್ದು ಸಲೀಸು. ಪುಟ ತೆರೆಯುತ್ತದೆ, ಪುಟದ ರೂಪ ಹೇಳುವ ಸಿಎಸ್‌ಎಸ್ ಫೈಲ್ ಬರುತ್ತದೆ, ಗಿಡಗಳ ಫೋಟೊ ಒಂದೊಂದಾಗಿ ಇಳಿಯುತ್ತವೆ, ಒಂದೆರಡು ನಿಮಿಷ ಬಿಟ್ಟು ಪೋಸ್ಟ್ ಬರುತ್ತದೆ. ಬಾಟ್‌ಗಳದ್ದು, ಅಂದರೆ ತಾವಾಗಿ ಫಾರ್ಮ್ ತುಂಬುವ ಪ್ರೋಗ್ರಾಂಗಳದ್ದು, ಹಾಗಲ್ಲ. ಹೆಚ್ಚಿನವು ಫಾರ್ಮ್ ಪುಟವನ್ನು ತೆರೆಯುವುದೇ ಇಲ್ಲ. ಸ್ಕ್ರಿಪ್ಟಿನ ವಿಳಾಸವನ್ನು ಯಾವತ್ತೋ ಪಟ್ಟಿ ಮಾಡಿಟ್ಟುಕೊಂಡು ನೇರ ಅಲ್ಲಿಗೇ ಪೋಸ್ಟ್ ಮಾಡುತ್ತವೆ. ಇನ್ನು ಕೆಲವು ಪುಟ ತೆರೆದ ಸೆಕೆಂಡಿನಲ್ಲೇ ನಾಲ್ಕೂ ಕಾಲಂ ತುಂಬಿ ಕಳಿಸುತ್ತವೆ, ಒಂದು ಫೋಟೊವನ್ನೂ ಇಳಿಸುವುದಿಲ್ಲ. ಮೂರನೆಯ ಜಾತಿಯೂ ಇತ್ತು: ಎಲ್ಲವನ್ನೂ ಇಳಿಸಿಕೊಂಡು, ನಿಧಾನವಾಗಿ ಬರೆದು ಕಳಿಸುವವರು. ಇವರು ನಿಜವಾದ ಮನುಷ್ಯರು, ಕೂತು ಒಂದೊಂದು ಸೈಟಿಗೂ ಜಾಹೀರಾತು ಅಂಟಿಸುವವರು. ಈ ಮೂವರಿಗೂ ಒಂದೇ ಮದ್ದು ನಾಟುವುದಿಲ್ಲ ಎಂದು ಅಲ್ಲೇ ಸ್ಪಷ್ಟವಾಯಿತು.

ಸ್ಪ್ಯಾಮ್‌ಗಿಂತ ಕೆಟ್ಟದ್ದು ಒಳಗಿತ್ತು

ಸ್ಕ್ರಿಪ್ಟ್ ಹಳೆಯದು, ಬೇರೆ ಯಾರೋ ಬರೆದು ಕೊಟ್ಟದ್ದು. ತೆರೆದು ಓದಿದಾಗ ಸ್ಪ್ಯಾಮ್ ವಿಷಯ ಬದಿಗಿಟ್ಟು ಎರಡು ತೂತು ಮುಚ್ಚಬೇಕಾಯಿತು.

ಒಂದು, ಫಾರ್ಮ್ ತುಂಬಿದವರಿಗೆ "ನಿಮ್ಮ ಸಂದೇಶ ತಲುಪಿದೆ" ಎಂದು ತಾನಾಗಿ ಹೋಗುವ ಮೇಲ್. ಅದರಲ್ಲಿ ಅವರು ಬರೆದ ಹೆಸರು ಮತ್ತು ಸಂದೇಶ ಎರಡೂ ಇರುತ್ತಿದ್ದವು. ಬಾಟ್ ಏನು ಮಾಡುತ್ತದೆಂದರೆ, ಈಮೇಲ್ ಕಾಲಂನಲ್ಲಿ ಯಾರೋ ಮೂರನೆಯವರ ವಿಳಾಸ ಹಾಕಿ, ಹೆಸರಿನ ಕಾಲಂನಲ್ಲಿ ಜಾಹೀರಾತಿನ ಲಿಂಕ್ ತುಂಬುತ್ತದೆ. ಆ ಅಪರಿಚಿತರಿಗೆ ನರ್ಸರಿಯ ಡೊಮೇನ್ ಹೆಸರಿನಲ್ಲೇ ಜಾಹೀರಾತು ಹೋಗುತ್ತದೆ. ಅವರು "ಸ್ಪ್ಯಾಮ್" ಒತ್ತುತ್ತಾರೆ. ಹಾಗೆ ಒತ್ತಿದಷ್ಟೂ ಡೊಮೇನ್ ಹೆಸರು ಕೆಡುತ್ತದೆ, ಮುಂದೆ ನರ್ಸರಿಯವರು ಗಿರಾಕಿಗೆ ಕಳಿಸುವ ದರಪಟ್ಟಿಯೂ ಸ್ಪ್ಯಾಮ್ ಫೋಲ್ಡರಿಗೆ ಬೀಳುತ್ತದೆ. ಆ ಮೇಲನ್ನು ಪೂರ್ತಿ ತೆಗೆದೆ. ಈಗ ಪರದೆಯ ಮೇಲೆಯೇ ಧನ್ಯವಾದದ ಸಾಲು, ಕೆಳಗೆ ನರ್ಸರಿಯ ಫೋನ್ ನಂಬರು ಕಾಣುತ್ತದೆ. ಸಂಪರ್ಕ ಫಾರ್ಮ್ ಇಟ್ಟುಕೊಂಡವರೆಲ್ಲ ಈ ತಾನಾಗಿ ಹೋಗುವ ಮೇಲ್ ಇದೆಯೇ ಎಂದು ಇವತ್ತೇ ನೋಡಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಎರಡನೆಯದು, ತುಂಬಿದವರ ಈಮೇಲ್ ವಿಳಾಸವನ್ನು ಸ್ಕ್ರಿಪ್ಟ್ ಯಾವ ಪರೀಕ್ಷೆಯೂ ಇಲ್ಲದೆ ಈಮೇಲ್‌ನ "ಫ್ರಮ್" ಹೆಡರಿಗೆ (ಕಳಿಸಿದವರು ಯಾರೆಂದು ಹೇಳುವ ಸಾಲಿಗೆ) ಸೇರಿಸುತ್ತಿತ್ತು. ಆ ಕಾಲಂನಲ್ಲಿ ಒಂದು ಲೈನ್ ಬ್ರೇಕ್ ಹಾಕಿ ಅದರ ಕೆಳಗೆ "ಬಿಸಿಸಿ" (ಗುಪ್ತ ಪ್ರತಿ) ಎಂದು ನೂರಾರು ವಿಳಾಸ ಸೇರಿಸಿದರೆ ಸರ್ವರ್ ಅಷ್ಟೂ ಜನಕ್ಕೆ ಮೇಲ್ ಕಳಿಸಬಲ್ಲದು. ಹೆಡರ್ ಇಂಜೆಕ್ಷನ್ ಎನ್ನುವುದು ಇದನ್ನೇ. ಈಗ ಹೆಸರು, ಈಮೇಲ್ ಎರಡರಲ್ಲಿ ಯಾವುದರಲ್ಲಿ ಲೈನ್ ಬ್ರೇಕ್ ಕಂಡರೂ ಮೇಲ್ ಹೋಗುವುದೇ ಇಲ್ಲ. "ಫ್ರಮ್"ನಲ್ಲಿ ಯಾವಾಗಲೂ ನರ್ಸರಿಯ ಸ್ವಂತ ಡೊಮೇನಿನ ವಿಳಾಸ, ತುಂಬಿದವರ ವಿಳಾಸ "ರಿಪ್ಲೈ-ಟು"ನಲ್ಲಿ. ಪಿಎಚ್‌ಪಿಯ ಬರಿಯ ಮೇಲ್ ಫಂಕ್ಷನ್ ಬಿಟ್ಟು ಪಿಎಚ್‌ಪಿಮೇಲರ್ ಎಂಬ ಸಿದ್ಧ ಕೋಡ್ ಮೂಲಕ, ಪಾಸ್‌ವರ್ಡ್ ಕೊಟ್ಟು ಮೇಲ್ ಕಳಿಸುವ ಎಸ್‌ಎಂಟಿಪಿ ಪದ್ಧತಿಯಲ್ಲಿ ಕಳಿಸುವಂತೆ ಮಾಡಿದೆ.

ಇದರಿಂದ ಇನ್ನೊಂದು ಲಾಭವೂ ಸಿಕ್ಕಿತು. ಯಾಹೂ 2014ರಲ್ಲೇ ತನ್ನ ಡಿಮಾರ್ಕ್ ನೀತಿಯನ್ನು (ತನ್ನ ಹೆಸರಿನಲ್ಲಿ ಬರುವ ನಕಲಿ ಮೇಲನ್ನು ಏನು ಮಾಡಬೇಕೆಂದು ಡೊಮೇನ್ ಹೇಳಿಡುವ ನಿಯಮವನ್ನು) "ರಿಜೆಕ್ಟ್"ಗೆ ಬದಲಿಸಿದೆ. ಅಂದರೆ ಯಾಹೂ ವಿಳಾಸವನ್ನು ಫ್ರಮ್‌ನಲ್ಲಿ ಹೊತ್ತು ಬೇರೆ ಸರ್ವರಿನಿಂದ ಹೊರಟ ಮೇಲನ್ನು ತೆಗೆದುಕೊಳ್ಳಬೇಡಿ ಎಂದು ಅದು ಲೋಕಕ್ಕೆಲ್ಲ ಹೇಳಿಟ್ಟಿದೆ. ಹಳೆಯ ಸ್ಕ್ರಿಪ್ಟ್ ಇದ್ದಾಗ ಯಾಹೂ ವಿಳಾಸ ಇಟ್ಟುಕೊಂಡ ಗಿರಾಕಿ ಫಾರ್ಮ್ ತುಂಬಿದರೆ ಅದು ನರ್ಸರಿಗೆ ಮುಟ್ಟದೇ ಹೋಗುವ ಸಂಭವವೇ ಹೆಚ್ಚಿತ್ತು. ಯಾಹೂ ಮೇಲ್ ಬಳಸುವ ಹಿರಿಯ ಬೆಳೆಗಾರರು ಇವತ್ತಿಗೂ ಕಡಿಮೆಯಿಲ್ಲ.

ಹನಿಪಾಟ್

ಫಾರ್ಮಿನಲ್ಲಿ ಮನುಷ್ಯರಿಗೆ ಕಾಣದ ಒಂದು ಕಾಲಂ ಇಡುವುದು, ಬಾಟ್ ಅದನ್ನೂ ತುಂಬಿದರೆ ಹಿಡಿಯುವುದು. ಹಳೆಯ ಉಪಾಯ, ಈಗಲೂ ಕೆಲಸ ಮಾಡುತ್ತದೆ, ಆದರೆ ಸೂಕ್ಷ್ಮ ನೋಡಿ ಇಡಬೇಕು. ಕಾಲಂನ ಮೇಲೆಯೇ "ಡಿಸ್‌ಪ್ಲೇ ನನ್" (ತೋರಿಸಬೇಡ) ಎಂದು ಬರೆದರೆ ಅದನ್ನು ಓದಿ ಬಿಟ್ಟುಬಿಡುವ ಬಾಟ್‌ಗಳಿವೆ. ಅದಕ್ಕೆ ಬೇರೆ ಸಿಎಸ್‌ಎಸ್ ಫೈಲಿನಲ್ಲಿ ಒಂದು ಸಾಧಾರಣ ಹೆಸರಿನ ಕ್ಲಾಸ್ ಮಾಡಿ, ಕಾಲಂ ಪರದೆಯ ಎಡಕ್ಕೆ ದೂರ ಸರಿಯುವಂತೆ ಇಟ್ಟೆ. ಟ್ಯಾಬ್ ಒತ್ತಿ ಮುಂದೆ ಹೋಗುವವರು ಅಲ್ಲಿ ಸಿಕ್ಕಿಕೊಳ್ಳದಂತೆ ಟ್ಯಾಬ್‌ಇಂಡೆಕ್ಸ್ ಮೈನಸ್ 1. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದದಂತೆ ಏರಿಯಾ-ಹಿಡನ್. ಸಿಎಸ್‌ಎಸ್ ಇಳಿಯದೆ ಕಾಲಂ ಕಾಣಿಸಿಬಿಟ್ಟರೂ ಇರಲಿ ಎಂದು "ಇದನ್ನು ಖಾಲಿ ಬಿಡಿ" ಎಂಬ ಲೇಬಲ್.

ಎಲ್ಲಕ್ಕಿಂತ ಹೆಚ್ಚು ಯೋಚಿಸಿದ್ದು ಕಾಲಂನ ಹೆಸರನ್ನು. ವೆಬ್‌ಸೈಟ್, ಕಂಪನಿ, ಅಡ್ರೆಸ್ ಎಂದೆಲ್ಲ ಹೆಸರಿಟ್ಟರೆ ಬಾಟ್ ಖಂಡಿತ ತುಂಬುತ್ತದೆ, ನಿಜ. ಆದರೆ ಗಿರಾಕಿಯ ಫೋನಿನ ಕ್ರೋಮ್ ಕೂಡ ಆಟೋಫಿಲ್‌ನಲ್ಲಿ ಸದ್ದಿಲ್ಲದೆ ತುಂಬಿಬಿಡಬಹುದು. ಆಟೋಕಂಪ್ಲೀಟ್ ಆಫ್ ಎಂದು ಬರೆದರೂ ಬ್ರೌಸರ್‌ಗಳು ಎಲ್ಲ ಸಲವೂ ಕೇಳುವುದಿಲ್ಲ. ಪಾಪ, ಅವರಿಗೆ ಕಾಣದ ಕಾಲಂನಿಂದ ಅವರೇ ಕಳ್ಳರಾಗುತ್ತಾರೆ. ಹಾಗಾಗಿ ಯಾವ ಆಟೋಫಿಲ್‌ಗೂ ಹೊಂದದ, ಗಿಡಕ್ಕೆ ಸಂಬಂಧಿಸಿದ ಒಂದು ಹೆಸರಿಟ್ಟೆ. ಬಂದದ್ದನ್ನೆಲ್ಲ ತುಂಬುವ ಬಾಟ್ ಇದನ್ನೂ ತುಂಬುತ್ತದೆ. ಆಂಡ್ರಾಯ್ಡ್ ಕ್ರೋಮ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ವಿಳಾಸ ಉಳಿಸಿಟ್ಟು, ಆಟೋಫಿಲ್ ಒತ್ತಿ, ಕಾಲಂ ಖಾಲಿ ಉಳಿಯುತ್ತದೆ ಎಂದು ಖಾತ್ರಿ ಮಾಡಿಕೊಂಡೆ.

ಸಮಯದ ಟೋಕನ್

ಫಾರ್ಮ್ ತೆರೆದಾಗ ಸರ್ವರ್ ಒಂದು ಟೋಕನ್ ಕೊಡುತ್ತದೆ: ಆಗಿನ ಸಮಯ, ಜೊತೆಗೆ ಒಂದು ರ‍್ಯಾಂಡಮ್ ಸಂಖ್ಯೆ, ಎರಡರ ಮೇಲೂ ಗುಟ್ಟಿನ ಕೀ ಬಳಸಿ ಹಾಕಿದ ಎಚ್‌ಮ್ಯಾಕ್-ಶಾ256 ಸಹಿ (ಕೀ ಇಲ್ಲದವರು ಇದನ್ನು ನಕಲು ಮಾಡಲಾಗದು). ಕೀ ಇರುವ ಫೈಲ್ ಪಬ್ಲಿಕ್ ಫೋಲ್ಡರಿನ ಹೊರಗಿದೆ, ವೆಬ್ ಮೂಲಕ ಯಾರೂ ತೆರೆಯಲಾಗದು. ಸಂದೇಶ ಬಂದಾಗ ಸಹಿ ಸರಿಯೇ, ಎಷ್ಟು ಹೊತ್ತಾಗಿದೆ ಎಂದು ನೋಡಬೇಕು. ಬರಿಯ ಸಮಯವನ್ನು ಸಹಿ ಇಲ್ಲದೆ ಫಾರ್ಮಿನಲ್ಲಿ ಬರೆದಿಟ್ಟರೆ ಬಾಟ್ ತನಗೆ ಬೇಕಾದ ಸಮಯ ಹಾಕಿಕೊಂಡು ಕಳಿಸುತ್ತದೆ, ಅದಕ್ಕೆ ಸಹಿ. ಮೂರು ಸೆಕೆಂಡಿನೊಳಗೆ ನಾಲ್ಕು ಕಾಲಂ ತುಂಬಿದವರ ಮೇಲೆ ಅನುಮಾನ.

ಮೇಲಿನ ಮಿತಿ 24 ಗಂಟೆ ಇಟ್ಟೆ. ಅರ್ಧ ಗಂಟೆ ಇಡುವವರೇ ಹೆಚ್ಚು, ನಮ್ಮ ಕಡೆ ಅದು ನಡೆಯುವುದಿಲ್ಲ. ಮನೆಯಲ್ಲಿ ವೈಫೈ ಇದ್ದಾಗ ಪುಟ ತೆರೆದಿರುತ್ತಾರೆ, ತೋಟಕ್ಕೆ ಇಳಿದಾಗ ಸಿಗ್ನಲ್ ಹೋಗುತ್ತದೆ, ಎಷ್ಟು ಸಸಿ ಬೇಕು ಎಂದು ಲೆಕ್ಕ ಹಾಕಿ ಬರೆದು ಗುಡ್ಡ ಹತ್ತಿದ ಮೇಲೆ ಕಳಿಸುತ್ತಾರೆ. ಟೋಕನ್ ಹಳತಾಗಿದ್ದರೂ ಬರೆದದ್ದನ್ನು ಅಳಿಸಿಹಾಕುವುದಿಲ್ಲ. ಫಾರ್ಮ್ ಅದೇ ಬರಹದೊಂದಿಗೆ, ಹೊಸ ಟೋಕನ್ ಜೊತೆ ವಾಪಸ್ ಬರುತ್ತದೆ, ಇನ್ನೊಮ್ಮೆ ಒತ್ತಿದರೆ ಸಾಕು.

ಇಲ್ಲಿ ಹೋಸ್ಟಿಂಗ್‌ನ ಕ್ಯಾಶ್ ಅಡ್ಡ ಬಂತು. ಅದು ಪುಟವನ್ನು ಉಳಿಸಿಟ್ಟುಕೊಂಡು ಎಲ್ಲರಿಗೂ ಅದೇ ಎಚ್‌ಟಿಎಂಎಲ್ ಕೊಡುವುದರಿಂದ ಎಲ್ಲರಿಗೂ ಒಂದೇ ಹಳೆ ಟೋಕನ್ ಸಿಗುತ್ತಿತ್ತು. ಈಗ ಯಾರಾದರೂ ಫಾರ್ಮಿನ ಯಾವುದೇ ಕಾಲಂ ಮುಟ್ಟಿದಾಗ ಸಣ್ಣ ಜಾವಾಸ್ಕ್ರಿಪ್ಟ್ ಒಂದು ಟೋಕನ್ ತರುತ್ತದೆ. ನೆಟ್ ನಿಧಾನವಿದ್ದು ಅದು ಬಾರದೇ ಹೋದರೂ ಕಳಿಸುವ ಬಟನ್ ಕೆಲಸ ಮಾಡಲೇಬೇಕು. ಟೋಕನ್ ಇಲ್ಲದ ಸಂದೇಶ ಅನುಮಾನದ ಡಬ್ಬಿಗೆ (ಅನುಮಾನ ಬಂದದ್ದನ್ನು ಅಳಿಸದೆ ಬೇರೆ ಇಡುವ ಜಾಗಕ್ಕೆ) ಹೋಗುತ್ತದೆ, ಕಸಕ್ಕಲ್ಲ.

ಸ್ಕ್ರಿಪ್ಟಿನ ವಿಳಾಸವನ್ನೂ ಬದಲಿಸಿದೆ. ಪಟ್ಟಿ ಇಟ್ಟುಕೊಂಡು ನೇರ ಪೋಸ್ಟ್ ಮಾಡುವ ಬಾಟ್‌ಗಳು ಇವತ್ತಿಗೂ ಹಳೆ ವಿಳಾಸಕ್ಕೇ ಬರೆಯುತ್ತಿವೆ. ಕ್ಯಾಶ್ ಆದ ಹಳೆ ಪುಟದಿಂದ ಕಳಿಸುವವರು ಇರಬಹುದೆಂದು ಸ್ವಲ್ಪ ಕಾಲ ಅಲ್ಲಿಗೆ ಬಂದದ್ದನ್ನೂ ಅನುಮಾನದ ಡಬ್ಬಿಗೆ ತಿರುಗಿಸಿ, ಆಮೇಲೆ ಆ ವಿಳಾಸಕ್ಕೆ 410, ಅಂದರೆ "ಇದು ಈಗಿಲ್ಲ" ಎಂಬ ಉತ್ತರ ಕೊಟ್ಟು ಮುಚ್ಚಿದೆ. ಖರ್ಚಿಲ್ಲದ ಕೆಲಸ, ಪರಿಣಾಮ ಮಾತ್ರ ದೊಡ್ಡದು.

ಕನ್ನಡದಲ್ಲಿ ಬರೆದವರನ್ನು ಹೊರಗೆ ಹಾಕುವ ಫಿಲ್ಟರ್

ಈ ಭಾಗಕ್ಕೆ ಹೆಚ್ಚು ಹೊತ್ತು ಕೊಟ್ಟೆ, ಏಕೆಂದರೆ ಇಂಗ್ಲಿಷಿನಲ್ಲಿ ಸಿಗುವ ಸಿದ್ಧ ಕೋಡ್ ಇಲ್ಲಿ ನಮಗೆ ಕೈಕೊಡುತ್ತದೆ.

ಹಳೆ ಸ್ಕ್ರಿಪ್ಟ್ ಹೆಸರಿನ ಕಾಲಂನಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ ಒಪ್ಪುತ್ತಿತ್ತು. ಅದನ್ನು ಬದಲಿಸಿ "ಯಾವ ಭಾಷೆಯ ಅಕ್ಷರವಾದರೂ ಸರಿ" ಎಂಬ ಯೂನಿಕೋಡ್ ನಿಯಮ ಹಾಕಿದರೆ ಸಾಲದು. ಯೂನಿಕೋಡ್ ಲೆಕ್ಕದಲ್ಲಿ ಕ, ಷ, ಣ ಅಕ್ಷರಗಳು. ಆದರೆ ವಟ್ರಸುಳಿ, ಗುಣಿತದ ಚಿಹ್ನೆ, ವಿರಾಮ ಇವೆಲ್ಲ "ಮಾರ್ಕ್" ಎಂಬ ಬೇರೆ ಗುಂಪು. ಅಕ್ಷರದ ಗುಂಪನ್ನಷ್ಟೇ ಒಪ್ಪಿದರೆ "ಕೃಷ್ಣ" ಎಂಬ ಹೆಸರೇ ತಪ್ಪಾಗುತ್ತದೆ, "ರಮ" ಮಾತ್ರ ಪಾಸಾಗುತ್ತದೆ. ಮಾರ್ಕ್ ಗುಂಪನ್ನೂ ಸೇರಿಸಬೇಕು.

ಅದಾದ ಮೇಲೂ ಒಂದು ಉಳಿಯಿತು. "ರಾಜ್‌ಕುಮಾರ್" ಎಂದು ಸರಿಯಾಗಿ ಟೈಪ್ ಮಾಡಿದರೆ "ಜ್" ಮತ್ತು "ಕು" ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಯೂನಿಕೋಡಿನ 200ಸಿ, ಜೀರೋ ವಿಡ್ತ್ ನಾನ್ ಜಾಯ್ನರ್. ಅದಿಲ್ಲದಿದ್ದರೆ ಕಕಾರ ಒತ್ತಕ್ಷರವಾಗಿ ಜಕಾರದ ಕೆಳಗೆ ಹೋಗಿ ಕೂರುತ್ತದೆ. "ರ‍್ಯಾಂಕ್" ಎಂದು ಬರೆಯುವಾಗ ರಕಾರ ಅರ್ಕಾವೊತ್ತಾಗದಂತೆ ಅದರ ತಂಗಿ 200ಡಿ ಬೇಕು. ಸ್ಪ್ಯಾಮ್ ಮಾಡುವವರೂ ಇದೇ ಸಂಕೇತಗಳನ್ನು ಇಂಗ್ಲಿಷ್ ಪದದ ನಡುವೆ ತೂರಿಸಿ ಫಿಲ್ಟರಿನ ಕಣ್ಣು ತಪ್ಪಿಸುತ್ತಾರೆ, ಅದಕ್ಕೇ ಎಷ್ಟೋ ಸಿದ್ಧ ಫಿಲ್ಟರ್‌ಗಳು "ಕಾಣದ ಸಂಕೇತ ಕಂಡರೆ ಸ್ಪ್ಯಾಮ್" ಎಂದು ಬರೆದುಕೊಂಡಿವೆ. ಅಂಥದ್ದನ್ನು ಹಾಗೆಯೇ ತಂದಿಟ್ಟರೆ ಕನ್ನಡವನ್ನು ಶುದ್ಧವಾಗಿ ಬರೆದವರೇ ಮೊದಲು ಸಿಕ್ಕಿಬೀಳುತ್ತಾರೆ. ನನ್ನ ನಿಯಮ ಹೀಗಿದೆ: ಈ ಸಂಕೇತದ ಪಕ್ಕದಲ್ಲಿ ಕನ್ನಡದ ಅಕ್ಷರ ಅಥವಾ ಚಿಹ್ನೆ ಇದ್ದರೆ ಸರಿ, ಎರಡೂ ಕಡೆ ಇಂಗ್ಲಿಷ್ ಅಕ್ಷರ ಇದ್ದರೆ ಅನುಮಾನದ ಅಂಕ (ಅಂಕ ಹೆಚ್ಚಿದಷ್ಟೂ ಸ್ಪ್ಯಾಮ್ ಎಂಬ ಅನುಮಾನ ಹೆಚ್ಚು).

ಉದ್ದದ ಲೆಕ್ಕವೂ ಹಾಗೆಯೇ. ಯೂನಿಕೋಡ್ ಬರಹವನ್ನು ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಪಿಎಚ್‌ಪಿಯ ಮಾಮೂಲಿ ಉದ್ದದ ಫಂಕ್ಷನ್ ಬೈಟ್ ಎಣಿಸುತ್ತದೆ. "ಕ್ಷ" ಒಂದಕ್ಕೇ ಒಂಬತ್ತು. 500ಕ್ಕೆ ಕತ್ತರಿಸು ಎಂದು ಬರೆದಿದ್ದರೆ ಕನ್ನಡದ ಸಂದೇಶ ಮೂರನೇ ಒಂದು ಭಾಗಕ್ಕೇ ನಿಲ್ಲುತ್ತದೆ, ಒಂದು ಅಕ್ಷರದ ಮಧ್ಯೆಯೇ ತುಂಡಾಗಿ ಮೇಲ್ ಪೂರ್ತಿ ಓದಲಾಗದಂತೆಯೂ ಆಗಬಹುದು. ಎಲ್ಲ ಕಡೆ ಬೈಟ್ ಬದಲು ಸಂಕೇತ ಎಣಿಸುವ ಮಲ್ಟಿಬೈಟ್ ಫಂಕ್ಷನ್‌ಗಳನ್ನು ಹಾಕಿದೆ. ಫೋನ್ ನಂಬರಿನಲ್ಲಿ ಕನ್ನಡ ಅಂಕಿ ಬರೆದವರಿಗೂ ದಾರಿ ಬೇಕು, ಆದ್ದರಿಂದ ಮೊದಲು ಅವನ್ನು ಇಂಗ್ಲಿಷ್ ಅಂಕಿಗೆ ಬದಲಿಸಿಕೊಂಡು ಆಮೇಲೆ ಪರೀಕ್ಷೆ.

ಇಷ್ಟು ಆದ ಮೇಲೆ ಅಂಕ ಕೊಡುವ ಪದ್ಧತಿ. ಎಚ್‌ಟಿಎಂಎಲ್ ಲಿಂಕ್ ಟ್ಯಾಗ್ ಅಥವಾ ಚೌಕ ಆವರಣದ ಲಿಂಕ್ ಕೋಡ್ ಬರೆದಿದ್ದರೆ ದೊಡ್ಡ ಅಂಕ, ಸಸಿ ಕೇಳುವವರು ಯಾರೂ ಅದನ್ನು ಬರೆಯುವುದಿಲ್ಲ. ರಷ್ಯನ್ ಬರೆಯುವ ಸಿರಿಲಿಕ್ ಲಿಪಿ ಇದ್ದರೂ ದೊಡ್ಡ ಅಂಕ. ಬರಿಯ ಒಂದು ಲಿಂಕ್ ಇದ್ದರೆ ಸಣ್ಣದು, ಗೂಗಲ್ ಮ್ಯಾಪ್ಸ್ ಲಿಂಕ್ ಆದರೆ ಸೊನ್ನೆ: ಗಿಡ ಇಳಿಸಬೇಕಾದ ತೋಟದ ಜಾಗವನ್ನು ಜನ ಹಾಗೆಯೇ ಕಳಿಸುತ್ತಾರೆ. ಕನ್ನಡ ಲಿಪಿ ಅರ್ಧಕ್ಕಿಂತ ಹೆಚ್ಚಿದ್ದರೆ ಅಂಕ ಕಳೆಯುತ್ತದೆ. ಆರರಿಂದ ಒಂಬತ್ತರೊಳಗೆ ಶುರುವಾಗುವ ಹತ್ತಂಕಿಯ ಮೊಬೈಲ್ ನಂಬರಿದ್ದರೂ ಕಳೆಯುತ್ತದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರೇ ಬಹಳ, ಹಾಗಾಗಿ ಇಂಗ್ಲಿಷ್ ಲಿಪಿಗೆ ಯಾವ ದಂಡವೂ ಇಲ್ಲ. "ಸಾಲ", "ಸಬ್ಸಿಡಿ" ಇಂಥ ಪದಗಳ ಕಪ್ಪುಪಟ್ಟಿ ಮಾಡಲಿಲ್ಲ. ಬೆಳೆಗಾರರ ಮಾತಿನಲ್ಲಿ ಅವು ದಿನಾ ಬರುವ ಪದಗಳು.

ಐಪಿ ವಿಳಾಸ, ಕ್ಯಾಪ್ಚಾ

ಐಪಿ ಬ್ಲಾಕ್ ಮಾಡಲಿಲ್ಲ. ಮೊಬೈಲ್ ಕಂಪನಿಗಳು ಒಂದೇ ಐಪಿವಿ4 ವಿಳಾಸದ ಹಿಂದೆ ಬಹಳಷ್ಟು ಗ್ರಾಹಕರನ್ನು ಕೂರಿಸುತ್ತವೆ. ಒಂದನ್ನು ಮುಚ್ಚಿದರೆ ಅದೇ ವಿಳಾಸದ ಹಿಂದಿರುವ ಗಿರಾಕಿಗಳೂ ಹೊರಗೆ. ದೇಶವನ್ನೇ ಮುಚ್ಚುವ ಸಲಹೆಯೂ ಬಂತು, ಅದನ್ನೂ ಬಿಟ್ಟೆ. ಗಲ್ಫ್‌ನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ಊರಿನ ತೋಟಕ್ಕೆ ಗಿಡ ಕೇಳುತ್ತಾರೆ. ಹತ್ತು ನಿಮಿಷದಲ್ಲಿ ಒಂದೇ ಕಡೆಯಿಂದ ಐದಕ್ಕಿಂತ ಹೆಚ್ಚು ಬಂದರೆ ಅಂಕ ಏರುತ್ತದೆ, ಅಷ್ಟೆ. ಐಪಿವಿ6 ಆದರೆ ಒಂದೊಂದೇ ವಿಳಾಸ ಎಣಿಸಿ ಪ್ರಯೋಜನವಿಲ್ಲ, ಮೊದಲ 64 ಬಿಟ್ ಒಂದೇ ಇರುವ ವಿಳಾಸಗಳ ಗುಂಪನ್ನು (/64) ಒಂದಾಗಿ ಎಣಿಸಬೇಕು.

ಕ್ಯಾಪ್ಚಾ (ತುಂಬುವವರು ಮನುಷ್ಯರೇ ಎಂದು ಪರೀಕ್ಷಿಸುವ ಒಗಟು) ಹಾಕಿಬಿಡು ಎಂದು ಎಲ್ಲರೂ ಮೊದಲು ಹೇಳುತ್ತಾರೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ರೀಕ್ಯಾಪ್ಚಾವನ್ನು ಗೂಗಲ್ 2009ರಲ್ಲಿ ಕೊಂಡಿತು, ಆಮೇಲೆ ಅದು ಎಲ್ಲ ಕಡೆ ಹಬ್ಬಿತು. ಆದರೆ ಟ್ರಾಫಿಕ್ ಲೈಟ್, ಅಮೆರಿಕದ ಬೀದಿಬದಿಯ ಬೆಂಕಿ ಆರಿಸುವ ನೀರಿನ ಕೊಳವೆ ಇವನ್ನು ಗುರುತಿಸಿ ಎಂದು ಅರುವತ್ತು ದಾಟಿದ ಬೆಳೆಗಾರರಿಗೆ ಸಣ್ಣ ಪರದೆಯಲ್ಲಿ ಕೇಳುವುದು ನನಗೆ ಸರಿ ಕಾಣಲಿಲ್ಲ. 2024ರಲ್ಲಿ ಇಟಿಎಚ್ ಜ್ಯೂರಿಕ್‌ನ ಸಂಶೋಧಕರು ಆ ಚಿತ್ರದ ಒಗಟುಗಳನ್ನು ಪ್ರೋಗ್ರಾಂ ಮೂಲಕ ನೂರಕ್ಕೆ ನೂರು ಬಿಡಿಸಿ ತೋರಿಸಿದ್ದಾರೆ. ಯಂತ್ರಕ್ಕೆ ಸುಲಭವಾದ, ಮನುಷ್ಯರಿಗೆ ಕಷ್ಟವಾದ ಬಾಗಿಲು ಯಾಕೆ ಬೇಕು? 2022ರಲ್ಲಿ ಬಂದ ಕ್ಲೌಡ್‌ಫ್ಲೇರ್ ಟರ್ನ್‌ಸ್ಟೈಲ್ ಚಿತ್ರದ ಒಗಟು ಕೇಳುವುದಿಲ್ಲ, ಅದನ್ನು ತುರ್ತಿಗೆಂದು ಜೋಡಿಸಿಟ್ಟಿದ್ದೇನೆ. ಅನುಮಾನದ ಸಂದೇಶಗಳ ಪ್ರವಾಹ ಬಂದಾಗ ಮಾತ್ರ ಅದು ಚಾಲೂ ಆಗುತ್ತದೆ. ಅದನ್ನು ಬಳಸುವವರು ಗಮನಿಸಿ: ಪುಟದಲ್ಲಿ ವಿಜೆಟ್ ಹಾಕಿದರೆ ಅರ್ಧ ಕೆಲಸ, ಅದು ಕೊಡುವ ಟೋಕನನ್ನು ನಿಮ್ಮ ಸರ್ವರ್ ಕ್ಲೌಡ್‌ಫ್ಲೇರ್ ಬಳಿ ಕೇಳಿ ಖಚಿತಪಡಿಸಿಕೊಳ್ಳಲೇಬೇಕು. ಒಂದು ಟೋಕನ್ ಐದು ನಿಮಿಷ ಮಾತ್ರ, ಒಂದೇ ಸಲ ನಡೆಯುತ್ತದೆ.

ಸಂದೇಶವನ್ನು ಹೊರಗಿನ ಸರ್ವರಿಗೆ ಕಳಿಸಿ ಸ್ಪ್ಯಾಮ್ ಹೌದೋ ಅಲ್ಲವೋ ಕೇಳುವ ಅಕಿಸ್ಮೆಟ್ ತರಹದ ಸೇವೆಗಳೂ ಇವೆ. ಜನ ನರ್ಸರಿಯನ್ನು ನಂಬಿ ಕೊಟ್ಟ ಹೆಸರು, ಫೋನ್ ನಂಬರು ಇನ್ನೊಂದು ಕಡೆ ಹೋಗುವುದು ಬೇಡವೆಂದು ಬಿಟ್ಟೆ.

ಅನುಮಾನದ ಡಬ್ಬಿ

ಕಡಿಮೆ ಅಂಕದ್ದು ನೇರ ಮೇಲ್‌ಗೆ. ಉಳಿದದ್ದೆಲ್ಲ ಪಬ್ಲಿಕ್ ಫೋಲ್ಡರಿನ ಹೊರಗಿರುವ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿಗೆ, 30 ದಿನ ಇದ್ದು ತಾನಾಗಿ ಅಳಿಯುತ್ತದೆ. ಬಾಟ್‌ಗೂ ಮನುಷ್ಯರಿಗೂ ಕಾಣುವುದು ಅದೇ ಧನ್ಯವಾದದ ಪುಟ. ತಪ್ಪು ಎಲ್ಲಾಯಿತೆಂದು ಬಾಟ್‌ಗೆ ಹೇಳಿಕೊಟ್ಟರೆ ಅದನ್ನು ನಡೆಸುವವರು ತಿದ್ದಿಕೊಳ್ಳುತ್ತಾರೆ. ಸಂಜೆ ಹೊತ್ತಿಗೆ ನರ್ಸರಿಯ ಅಣ್ಣನಿಗೆ ಒಂದೇ ಮೇಲ್ ಹೋಗುತ್ತದೆ: ಡಬ್ಬಿಗೆ ಬಿದ್ದವರ ಹೆಸರು, ಸಂದೇಶದ ಮೊದಲ ಸಾಲು, ಎಷ್ಟು ಅಂಕ, ಯಾವುದಕ್ಕೆ. ಅವರು ಕಾಫಿ ಕುಡಿಯುವಷ್ಟರಲ್ಲಿ ಕಣ್ಣಾಡಿಸಿ ಮುಗಿಸುತ್ತಾರೆ.

ಡಬ್ಬಿ ಇಟ್ಟದ್ದು ಸಾರ್ಥಕವಾಯಿತು. ಹೊರದೇಶದಿಂದ ಒಬ್ಬರು ಪಣಿಯೂರು-1 ಮೆಣಸಿನ ಬಳ್ಳಿ ಕೇಳಿ ಬರೆದಿದ್ದರು. ಇಂಗ್ಲಿಷ್ ಬರಹ, ತಳಿಯ ಬಗ್ಗೆ ಎರಡು ಲಿಂಕ್, ಹೊರದೇಶದ ನಂಬರು. ಅಂಕ ಏರಿ ಡಬ್ಬಿಗೆ ಬಿದ್ದಿತ್ತು. ಸಂಜೆಯ ಮೇಲ್‌ನಲ್ಲಿ ಅಣ್ಣನ ಕಣ್ಣಿಗೆ ಬಿತ್ತು. "ಇವ್ರು ನಮ್ಮ ಪಕ್ಕದೂರಿನವರೇ ಮಾರಾಯ, ಅವರಪ್ಪ ನಮ್ಮಲ್ಲೇ ಗಿಡ ತಗೊಂಡೋಗಿದ್ರು" ಎಂದರು. ಅದಾದ ಮೇಲೆ ತಳಿಗಳ ಹೆಸರಿನ ಪಟ್ಟಿಯೊಂದನ್ನು ಸೇರಿಸಿದೆ: ಪಣಿಯೂರು, ಕರಿಮುಂಡ, ಮಂಗಳ, ತೀರ್ಥಹಳ್ಳಿ ಲೋಕಲ್, ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಜನ ಬರೆಯುವ ಬೇರೆಬೇರೆ ಸ್ಪೆಲಿಂಗ್ ಸಮೇತ. ಇವುಗಳಲ್ಲಿ ಒಂದಿದ್ದರೆ ಅಂಕ ಕಳೆಯುತ್ತದೆ. ಸ್ಪ್ಯಾಮ್ ಪದಗಳ ಪಟ್ಟಿಗೆ ಕೊನೆಯಿಲ್ಲ, ಗಿರಾಕಿ ಬಳಸುವ ಪದಗಳ ಪಟ್ಟಿ ಚಿಕ್ಕದು, ಬೇಗ ಹಳತಾಗುವುದಿಲ್ಲ.

ಕೂತು ಕೈಯಲ್ಲೇ ಬರೆಯುವ ಎಸ್‌ಇಒ (ಹುಡುಕಾಟದಲ್ಲಿ ವೆಬ್‌ಸೈಟನ್ನು ಮೇಲೆ ತರುವ ಕೆಲಸ) ಜಾಹೀರಾತಿನವರು ಮಾತ್ರ ಇನ್ನೂ ಆಗೊಮ್ಮೆ ಈಗೊಮ್ಮೆ ಒಳಗೆ ಬರುತ್ತಾರೆ. ಅವರನ್ನು ತಡೆಯಲು ಫಾರ್ಮನ್ನು ಇನ್ನಷ್ಟು ಬಿಗಿ ಮಾಡುವುದಿಲ್ಲ, ಅಣ್ಣನೂ ಬೇಡ ಎಂದಿದ್ದಾರೆ. ಸದ್ಯ ಬಾಕಿ ಇರುವುದು ಡೊಮೇನಿನ ಡಿಮಾರ್ಕ್ ನೀತಿ. ಈಗ ಬರಿ ವರದಿ ತರಿಸಿಕೊಳ್ಳುವ "ನನ್"ನಲ್ಲಿದೆ. ವರದಿಗಳಲ್ಲಿ ನರ್ಸರಿಯ ಬಿಲ್ ಕಳಿಸುವ ಸಾಫ್ಟ್‌ವೇರಿನ ಮೇಲ್‌ಗೆ ಡಿಕಿಮ್ ಸಹಿ (ಮೇಲ್ ಆ ಡೊಮೇನಿನದ್ದೇ ಎಂದು ತೋರಿಸುವ ಗುರುತು) ಇಲ್ಲವೆಂದು ಕಾಣುತ್ತಿದೆ. ಅದನ್ನು ಸರಿಮಾಡಿದ ಮೇಲೆ, ಪರೀಕ್ಷೆ ದಾಟದ ಮೇಲನ್ನು ಅನುಮಾನದಿಂದ ನೋಡಿ ಎನ್ನುವ "ಕ್ವಾರಂಟೈನ್"ಗೆ ಏರಿಸುತ್ತೇನೆ.